ಹದಿನೆಂಟರ ಹುಡುಗಿಗೆ ಸರ್ಕಾರದ ಓದು ಏಕೆ ಬೇಡ?

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ನನ್ನ ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಬಿ.ಎ. ಸೇರಿ ಸಾರ್ವಜನಿಕ ಆಡಳಿತವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಈಗ ಬಿ.ಕಾಂ. ಮಾಡಲಿ, ಆ ಓದು ಬೇಕಿದ್ದರೆ ಎಂ.ಎ.ಗೆ ನೋಡಿಕೊಳ್ಳಲಿ ಎಂದು ಬಂಧುಗಳು ಹೇಳುತ್ತಾರೆ. ಹದಿನೆಂಟು ವರ್ಷದ ಹುಡುಗಿಗೆ ಸರ್ಕಾರದ ವ್ಯವಹಾರ ಏನು ತಿಳಿದೀತು? ಐಎಎಸ್, ಕೆಎಎಸ್ ಆಗದಿದ್ದರೆ ಓದಿದ್ದೆಲ್ಲ ದಂಡವಲ್ಲವೇ?”

ಸಂಪಾದಕರ ಉತ್ತರ:

ನಿಮ್ಮ ಬಂಧುಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಾನೂನನ್ನೋ ಅರ್ಥಶಾಸ್ತ್ರವನ್ನೋ ಮೊದಲು ಗಟ್ಟಿಯಾಗಿ ಓದಿಕೊಂಡು ಆಮೇಲೆ ಆಡಳಿತದ ಅಧ್ಯಯನಕ್ಕೆ ಬರುವುದು ಒಳ್ಳೆಯ ದಾರಿಯೇ. ಬಿ.ಕಾಂ. ಆದವರಿಗೆ ಒಂದು ಲೆಕ್ಕ ಬರೆಯುವ ಕೆಲಸವಾದರೂ ಬೇಗ ದಕ್ಕುತ್ತದೆ ಎಂಬುದೂ ನಿಜ. ಇಷ್ಟನ್ನು ಒಪ್ಪಿಕೊಂಡೇ ಹೇಳುತ್ತೇನೆ, ನಿಮ್ಮ ಮಗಳ ಹಟ ಸರಿಯಾಗಿದೆ.

ಕೋಲಾರ ಜಿಲ್ಲೆಯವರೇ ಈ ಪ್ರಶ್ನೆ ಕೇಳಿದ್ದು ನನಗೆ ಸ್ವಲ್ಪ ಬೇಸರ ತಂದಿತು. 1887ರಲ್ಲಿ ನಿಮ್ಮ ಪಕ್ಕದ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಕೂಡ ದಾಟಲಿಲ್ಲ. ಆದರೂ ಪತ್ರಿಕೆ ನಡೆಸುತ್ತ, ಮೈಸೂರು ಸಂಸ್ಥಾನದ ವಿಧಾನ ಪರಿಷತ್ತಿನಲ್ಲಿ ಕುಳಿತು ವಾದಿಸುತ್ತ ರಾಜ್ಯಾಡಳಿತವನ್ನು ಆಳವಾಗಿ ಅಭ್ಯಾಸ ಮಾಡಿದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದಾಗ ಅವರ ಕಣ್ಣೆದುರು ಇದ್ದವನು ಅಧಿಕಾರಿಯಲ್ಲ, ಸಾಮಾನ್ಯ ಪ್ರಜೆ. ತನ್ನನ್ನು ಆಳುವ ವ್ಯವಸ್ಥೆಯನ್ನು ಪ್ರಜೆ ತಿಳಿದುಕೊಳ್ಳದೆ ಪ್ರಜಾರಾಜ್ಯ ನಡೆಯದು ಎಂಬ ನಂಬಿಕೆಯ ಮೇಲೆ ಆ ಸಂಸ್ಥೆ ನಿಂತಿತು. ಅದೇ 1887ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ವುಡ್ರೊ ವಿಲ್ಸನ್ ಇನ್ನೂ ಕಾಲೇಜಿನ ಅಧ್ಯಾಪಕರಾಗಿದ್ದಾಗ, ಆಡಳಿತವನ್ನು ಒಂದು ಶಾಸ್ತ್ರವಾಗಿಯೇ ಓದಬೇಕೆಂದು ಪ್ರಬಂಧ ಬರೆದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು 1920ರ ದಶಕದಿಂದ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಒಟ್ಟುಗೂಡಿಸಿ ಪದವಿ ಹಂತದಲ್ಲೇ ಕಲಿಸುತ್ತ ಬಂದಿದೆ. ಅಲ್ಲಿನ ಹದಿನೆಂಟರ ಹುಡುಗರಿಗೆ ಅರ್ಥವಾಗುವುದು ನಮ್ಮ ಮಕ್ಕಳಿಗೆ ಅರ್ಥವಾಗದೆಂದು ನಾವೇ ತೀರ್ಮಾನಿಸಿಬಿಡುವುದು ಯಾವ ನ್ಯಾಯ?

ವಯಸ್ಸಿನ ಮಾತನ್ನು ಇನ್ನಷ್ಟು ನೋಡೋಣ. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಮತದಾರರ ಪಟ್ಟಿಗೆ ಹೆಸರು ಸೇರಿದೊಡನೆ ನಿಮ್ಮ ಮಗಳು ನಿಮ್ಮೂರಿನ ಗ್ರಾಮಸಭೆಯ ಸದಸ್ಯೆ. ಮೂರು ವರ್ಷದ ಪದವಿ ಮುಗಿಯುವ ಹೊತ್ತಿಗೆ ಆಕೆಗೆ 21 ತುಂಬಿರುತ್ತದೆ, ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಲು ಬೇಕಾದ ವಯಸ್ಸೂ ಅದೇ. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಕಾನೂನು ಆಕೆಯನ್ನು ಅಲ್ಲಿ ಕೂರಿಸಲು ಸಿದ್ಧವಿರುವಾಗ, ಅಲ್ಲಿಯ ಕಡತವನ್ನು ಓದಲು ಕಲಿಯುವುದಕ್ಕೆ ಇನ್ನೂ ಮೂರು ವರ್ಷ ಕಾಯಲಿ ಎನ್ನುತ್ತೀರಲ್ಲ!

ಕಡತ ಓದುವುದೆಂದರೆ ಏನೆಂಬುದನ್ನು ಈ ಜಿಲ್ಲೆಯ ಒಂದು ಪಂಚಾಯಿತಿಯ ಜಮಾಬಂದಿಯಲ್ಲಿ, ಎಂದರೆ ಲೆಕ್ಕಪತ್ರಗಳನ್ನು ಊರವರ ಮುಂದಿಟ್ಟು ಪರಿಶೀಲಿಸುವ ಸಭೆಯಲ್ಲಿ, ಕಣ್ಣಾರೆ ಕಂಡಿದ್ದೇನೆ. ಮೇಜಿನ ಮೇಲೆ ನಗದು ಪುಸ್ತಕ, ವೋಚರ್‌ಗಳ ಕಟ್ಟು, ಕಾಮಗಾರಿಗಳ ಅಳತೆ ಪುಸ್ತಕ ಎಲ್ಲವನ್ನೂ ಹರಡಿದ್ದರು. ಊರಿನ ಹಿರಿಯರು ಒಂದೆರಡು ಪುಟ ತಿರುವಿ, ಕಾಫಿ ಕುಡಿದು ಸುಮ್ಮನಾದರು. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಒಬ್ಬ ಹೆಣ್ಣುಮಗಳು ಮಾತ್ರ ಅಳತೆ ಪುಸ್ತಕದ ಸಾಲುಗಳ ಮೇಲೆ ಬೆರಳಿಟ್ಟು ಓದಿ, “ಸಾರ್, ಚರಂಡಿ ಮುನೇಶ್ವರನ ಗುಡಿ ಹತ್ರಾನೇ ನಿಂತೋಗೈತೆ, ಇದ್ರಲ್ಲಿ ಕೆರೆ ಕೋಡಿವರ್ಗೂ ಬರ್ದವ್ರೆ” ಎಂದಳು. ಸಭೆ ಸ್ತಬ್ಧವಾಯಿತು. ಅಧಿಕಾರಿ ಟೇಪು ತರಿಸಿ ಸ್ಥಳಕ್ಕೆ ಹೊರಡಬೇಕಾಯಿತು. ಆಕೆಗೆ ಆ ಪುಸ್ತಕ ಓದುವುದು ಹೇಗೆಂದು ಯಾರೋ ಒಮ್ಮೆ ಹೇಳಿಕೊಟ್ಟಿದ್ದರು, ಅಷ್ಟೇ.

ಇನ್ನು ನಮ್ಮ ಕೆರೆಗಳ ಸಂಗತಿ. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಮೊದಲು ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ನೀರನ್ನು ಎರಡು ಹಂತ ಸಂಸ್ಕರಿಸಿದರೆ ಸಾಕೇ, ಮೂರನೆಯ ಹಂತ ಬೇಕೇ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನೀರನ್ನು ಶುದ್ಧ ಮಾಡುವುದು ಬೆಂಗಳೂರು ಜಲಮಂಡಳಿ, ಹರಿಸುವುದು ಸಣ್ಣ ನೀರಾವರಿ ಇಲಾಖೆ, ಮಾಲಿನ್ಯದ ಮೇಲೆ ಕಣ್ಣಿಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ, ಕೆರೆ ದಂಡೆಯಲ್ಲಿ ಬದುಕುವವರು ನಾವು. ಬತ್ತಿದ ಕೊಳವೆಬಾವಿಗೆ ಮತ್ತೆ ನೀರು ಬಂದ ರೈತನ ಸಂತೋಷವೂ, ಆ ನೀರಿನ ಗುಣದ ಬಗ್ಗೆ ತಾಯಂದಿರಿಗಿರುವ ಆತಂಕವೂ ಎರಡೂ ನಿಜ. ಇವೆರಡನ್ನೂ ಒಟ್ಟಿಗೆ ತೂಗಿ ನೋಡಿ, ಯಾರನ್ನು ಏನು ಕೇಳಬೇಕು, ಯಾವ ದಾಖಲೆ ಯಾವ ಕಚೇರಿಯಲ್ಲಿದೆ ಎಂದು ಬಲ್ಲವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೆ? ಎಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ಹೋರಾಟಗಾರರೂ ಇದ್ದಾರೆ. ಇವರ ನಡುವೆ ನಿಂತು ವಿಷಯವನ್ನು ಜೋಡಿಸಿ ಹೇಳುವವರೇ ಇಲ್ಲ. ಸಾರ್ವಜನಿಕ ಆಡಳಿತದ ಪದವಿಯಿಂದ ನಾನು ನಿರೀಕ್ಷಿಸುವುದು ಅಂಥವರನ್ನು.

ಐಎಎಸ್ ಆಗದಿದ್ದರೆ ಓದು ದಂಡ ಎಂದಿದ್ದೀರಿ. ಈ ಮಾತನ್ನು ಮಗಳ ಮುಂದೆ ದಯವಿಟ್ಟು ಇನ್ನೊಮ್ಮೆ ಆಡಬೇಡಿ. ಲೋಕಸೇವಾ ಆಯೋಗದ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ, ಆದ್ದರಿಂದ ಆ ಬಾಗಿಲು ಆಕೆಗೆ ಮುಚ್ಚುವುದಿಲ್ಲ. ಆದರೆ ಒಂದು ಶಾಸ್ತ್ರವನ್ನು ಒಂದು ಪರೀಕ್ಷೆಯ ಮೆಟ್ಟಿಲಾಗಿ ಮಾತ್ರ ನೋಡುವ ಅಭ್ಯಾಸದಿಂದಲೇ ಈ ವಿಷಯ ನಮ್ಮಲ್ಲಿ ಬಡವಾಗಿದೆ. ವಿಧಿಗಳ ಸಂಖ್ಯೆಯನ್ನು ಉರು ಹೊಡೆಸುವ ಗೈಡುಗಳು ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುತ್ತವೆ. ರಾಜ್ಯದ ಆಯವ್ಯಯವನ್ನು ಹಳ್ಳಿಯ ಹುಡುಗಿಗೆ ತಿಳಿಯುವಂತೆ ಬಿಡಿಸಿ ಹೇಳುವ ಕನ್ನಡ ಪುಸ್ತಕ ಹುಡುಕಿದರೆ ಕೈಗೆ ಬರುವುದು ಕಷ್ಟ. ಪಾಠ ಹೇಳುವ ಹೊಣೆಯನ್ನು ಅತಿಥಿ ಉಪನ್ಯಾಸಕರ ಹೆಗಲಿಗೆ ಹಾಕಿ, ಮುಂದಿನ ವರ್ಷ ಅವರು ಇರುತ್ತಾರೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ಅವರನ್ನು ದುಡಿಸಿಕೊಳ್ಳುತ್ತೇವೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ಪಠ್ಯಕ್ರಮ ನೆಲೆ ನಿಲ್ಲುವ ಮೊದಲೇ ಬದಲಾದರೆ ಅಧ್ಯಾಪಕ ಏನನ್ನು ತಯಾರಿ ಮಾಡಿಕೊಳ್ಳಬೇಕು? ಕಲಾ ವಿಭಾಗಕ್ಕೆ ಸೇರುವವರು ದಡ್ಡರೆಂದು ಮನೆಮನೆಯಲ್ಲಿ ಹೇಳಿ ಹೇಳಿ, ಊರನ್ನು ನಡೆಸುವ ವಿದ್ಯೆಯನ್ನೇ ನಾವು ಕೊನೆಯ ಬೆಂಚಿಗೆ ತಳ್ಳಿದ್ದೇವೆ. ಈ ದೂರಿನಲ್ಲಿ ಪತ್ರಿಕೆಗಳಿಗೂ ಪಾಲಿದೆ: ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಯಾರು ಯಾರನ್ನು ಬೈದರೆಂದು ಬರೆಯುವಷ್ಟು ಉತ್ಸಾಹದಿಂದ ಅಲ್ಲಿ ಮಂಜೂರಾದ ಕ್ರಿಯಾಯೋಜನೆಯ ಬಗ್ಗೆ ಬರೆಯುವುದಿಲ್ಲ.

ಆದ್ದರಿಂದ ಮಗಳನ್ನು ಸೇರಿಸಿ. ಜೊತೆಗೆ ಅರ್ಥಶಾಸ್ತ್ರವನ್ನು ಆಕೆ ಕಡ್ಡಾಯವಾಗಿ ತೆಗೆದುಕೊಳ್ಳಲಿ, ಏಕೆಂದರೆ ಹಣದ ಹರಿವು ತಿಳಿಯದವರಿಗೆ ಆಡಳಿತ ಅರೆಬರೆಯಾಗಿಯೇ ಉಳಿಯುತ್ತದೆ. ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ನೀವೇ ಒಮ್ಮೆ ಹೋಗಿ, ವಿದ್ಯಾರ್ಥಿಗಳನ್ನು ಗ್ರಾಮಸಭೆಗೋ ತಾಲ್ಲೂಕು ಕಚೇರಿಗೋ ಕರೆದೊಯ್ಯುವ ಪದ್ಧತಿ ಇದೆಯೇ, ಈ ವಿಷಯಕ್ಕೆ ಕಾಯಂ ಅಧ್ಯಾಪಕರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿಕೊಳ್ಳಿ. ಇಲ್ಲವೆಂದರೆ ಕೋಲಾರದಲ್ಲೋ ಚಿಕ್ಕಬಳ್ಳಾಪುರದಲ್ಲೋ ಬೇರೆ ಕಾಲೇಜು ನೋಡಿ, ವಿಷಯವನ್ನು ಮಾತ್ರ ಬದಲಿಸಬೇಡಿ.