ದಾಖಲೆ ಸುಟ್ಟುಹೋಗಿದ್ದರೆ ಐರ್ಲೆಂಡಿನ ಊರು ಹುಡುಕೋದು ಹೇಗೆ?

ಪ್ರಶ್ನೆ: ನಾನು ಮೈಸೂರಿನವಳು, ಮದುವೆಯಾಗಿ ಬಾಸ್ಟನ್‌ನಲ್ಲಿದ್ದೇನೆ. ನನ್ನ ಗಂಡನ ಮುತ್ತಜ್ಜನ ತಂದೆ 1850ರ ಹೊತ್ತಿಗೆ ಐರ್ಲೆಂಡಿನಿಂದ ಬಂದವರು. ಹೆಸರು ಪ್ಯಾಟ್ರಿಕ್, ಮನೆತನ ಮರ್ಫಿ. ಕಾರ್ಕ್ ಕೌಂಟಿಯವರು ಅಂತ ಮನೆಯಲ್ಲಿ ಹೇಳುತ್ತಾರೆ, ಅಷ್ಟೇ. ಇಲ್ಲಿನ ಜನಗಣತಿಯಲ್ಲಿ ಬರೀ ‘ಐರ್ಲೆಂಡ್’ ಎಂದಿದೆ. ಅಲ್ಲಿನ ದಾಖಲೆಗಳೆಲ್ಲ ಸುಟ್ಟುಹೋಗಿವೆಯಂತೆ. ಊರು ಪತ್ತೆಯಾಗುತ್ತಾ?

ಉತ್ತರ: ಆಗಬಹುದು. ಆದರೆ ಕಾರ್ಕ್‌ನಲ್ಲಿ ಪ್ಯಾಟ್ರಿಕ್ ಮರ್ಫಿಯನ್ನು ಹುಡುಕೋದು ಅಂದರೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಗೌಡ್ರೇ’ ಅಂತ ಕೂಗಿದ ಹಾಗೆ. ಹಾಗಾಗಿ ಐರ್ಲೆಂಡಿನ ದಾಖಲೆಗೆ ಈಗಲೇ ಕೈ ಹಾಕಬೇಡಿ.

ಮೊದಲು ಬಾಸ್ಟನ್ ಕಡೆಯದ್ದನ್ನು ಪೂರ್ತಿ ಜಾಲಾಡಿ. ಪ್ಯಾಟ್ರಿಕ್ ಒಬ್ಬರದ್ದೇ ಅಲ್ಲ, ಅವರ ಒಡಹುಟ್ಟಿದವರದ್ದು, ಮದುವೆಗೆ ಸಾಕ್ಷಿಯಾದವರದ್ದು, ಮಕ್ಕಳ ದೀಕ್ಷಾಸ್ನಾನಕ್ಕೆ (ಬ್ಯಾಪ್ಟಿಸಂ) ಗಾಡ್‌ಫಾದರ್, ಗಾಡ್‌ಮದರ್ ಆಗಿ ನಿಂತವರದ್ದೂ ನೋಡಿ. ಅಕ್ಕಪಕ್ಕದ ಊರಿನವರು ಒಬ್ಬರ ಹಿಂದೆ ಒಬ್ಬರು ಬಂದು ಹತ್ತಿರ ಹತ್ತಿರವೇ ನೆಲೆಸುವುದು ಮಾಮೂಲಾಗಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ 1841ರಿಂದಲೇ ಸಾವಿನ ನೋಂದಣಿ ಇದೆ. ಎಷ್ಟೋ ಸಲ ಅದರಲ್ಲಿ ಅಪ್ಪ ಅಮ್ಮನ ಹೆಸರೂ ಇರುತ್ತದೆ. ಸಮಾಧಿ ಕಲ್ಲನ್ನೂ ಓದಿ. ಕೆಲವದರಲ್ಲಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಹೆಸರು ಕೆತ್ತಿರುತ್ತಾರೆ.

ನೀವು ಬಾಸ್ಟನ್‌ನಲ್ಲಿರೋದು ಅದೃಷ್ಟ. ಅಲ್ಲಿನ ಕ್ಯಾಥೊಲಿಕ್ ಪತ್ರಿಕೆ ‘ದಿ ಪೈಲಟ್’ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ತಮ್ಮನಿಗಾಗಿ ಅಕ್ಕ, ರೈಲು ಹಳಿ ಕೆಲಸಕ್ಕೆ ಹೋದ ಗಂಡನಿಗಾಗಿ ಹೆಂಡತಿ. ಒಂದೇ ಹೆಸರಿನವರು ಜಾಸ್ತಿ ಅಲ್ವಾ, ಅದಕ್ಕೆ ಕೌಂಟಿ, ಪ್ಯಾರಿಷ್, ಕೆಲವೊಮ್ಮೆ ಟೌನ್‌ಲ್ಯಾಂಡ್‌ವರೆಗೂ ಬರೆಸುತ್ತಿದ್ದರು. ನಾಲ್ಕಾರು ಹೊಲ, ಒಂದಷ್ಟು ಮನೆ ಸೇರಿದರೆ ಒಂದು ಟೌನ್‌ಲ್ಯಾಂಡ್. ನಿಮಗೆ ಬೇಕಿರೋದು ಅದೇ.

ಇನ್ನು ‘ಎಲ್ಲ ಸುಟ್ಟುಹೋಗಿದೆ’ ಅನ್ನೋದು ಅರ್ಧ ಸತ್ಯ. 1922ರ ಜೂನ್‌ನಲ್ಲಿ, ಅಂತರ್ಯುದ್ಧದ ವೇಳೆ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಕಚೇರಿ ಸುಟ್ಟಿತು. 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಹೋಯಿತು. 1861ರಿಂದ 1891ರವರೆಗಿನದನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶ ಮಾಡಿತ್ತು, ಅದಕ್ಕೆ ಬೆಂಕಿಯನ್ನು ಬೈದು ಉಪಯೋಗವಿಲ್ಲ! ಆದರೆ ಕ್ಯಾಥೊಲಿಕ್ ಚರ್ಚಿನ ರಿಜಿಸ್ಟರ್‌ಗಳು ಆಯಾ ಪ್ಯಾರಿಷ್‌ನಲ್ಲೇ ಇದ್ದವು, ಉಳಿದವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಎಷ್ಟೋ ಕಡೆ ಹೆಸರು ಲ್ಯಾಟಿನ್‌ನಲ್ಲಿದೆ: ಪ್ಯಾಟ್ರಿಕ್ ‘ಪ್ಯಾಟ್ರಿಸಿಯಸ್’, ಜೇಮ್ಸ್ ‘ಜಾಕೋಬಸ್’.

ಜೊತೆಗೆ ಗ್ರಿಫಿತ್ಸ್ ವ್ಯಾಲ್ಯುಯೇಷನ್ ನೋಡಿ. 1847ರಿಂದ 1864ರವರೆಗೆ ತೆರಿಗೆಗಾಗಿ ಮಾಡಿದ ಜಮೀನು-ಮನೆ ಪಟ್ಟಿ ಅದು. ಹಿಡುವಳಿದಾರರ ಮತ್ತು ಅವರಿಗೆ ಗೇಣಿಗೆ ಕೊಟ್ಟವರ ಹೆಸರು ಇರುತ್ತದೆ, ಹೆಂಡತಿ ಮಕ್ಕಳದ್ದಿಲ್ಲ. ಪ್ಯಾಟ್ರಿಕ್ ಅಷ್ಟರಲ್ಲಿ ಹಡಗು ಹತ್ತಿದ್ದರೂ ಅಪ್ಪನೋ ಅಣ್ಣನೋ ಸಿಗಬಹುದು.

ನನಗೆ ತುಂಬಾ ಇಷ್ಟವಾದ ದಾಖಲೆ ಬೇರೆಯೇ ಇದೆ. 1909ರಲ್ಲಿ 70 ದಾಟಿದವರಿಗೆ ಪಿಂಚಣಿ ಶುರುವಾಯಿತು. ವಯಸ್ಸಿಗೆ ಪುರಾವೆ ಎಲ್ಲಿಂದ ತರೋದು? ಎಲ್ಲರ ಜನನ ನೋಂದಣಿ ಶುರುವಾಗಿದ್ದೇ 1864ರಲ್ಲಿ. ಹಾಗಾಗಿ 1841 ಮತ್ತು 1851ರ ಜನಗಣತಿಯಲ್ಲಿ ತಮ್ಮ ಹೆಸರು ಹುಡುಕಿಸಲು ಮುದುಕರೆಲ್ಲ ಅರ್ಜಿ ಹಾಕಿದರು. ಅರ್ಜಿದಾರರ ಅಪ್ಪ ಅಮ್ಮ, ಟೌನ್‌ಲ್ಯಾಂಡ್, ಗುಮಾಸ್ತನಿಗೆ ಸಿಕ್ಕ ಉತ್ತರ ಎಲ್ಲ ಆ ಫಾರಂನಲ್ಲಿದೆ. ಜನಗಣತಿ ಸುಟ್ಟಿತು, ಫಾರಂ ಉಳಿಯಿತು. ಪ್ಯಾಟ್ರಿಕ್ ಅಲ್ಲಿರೋದಿಲ್ಲ. ಊರಲ್ಲೇ ಉಳಿದ ಅವರ ತಮ್ಮನೋ ತಂಗಿಯೋ ಇರಬಹುದು. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ (ನ್ಯಾಷನಲ್ ಆರ್ಕೈವ್ಸ್) ತಾಣದಲ್ಲಿ ಸುಮ್ನೆ ಒಂದು ಸಂಜೆ ಕೂತು ನೋಡಿ.

ಹೊಂದಿಕೆ ನೋಡುವಾಗ ಪ್ಯಾಟ್ರಿಕ್ ಹೆಸರನ್ನೇ ನೆಚ್ಚಬೇಡಿ, ಅಪ್ಪ, ಅಮ್ಮ, ಸಾಕ್ಷಿಗಳ ಹೆಸರು ಒಟ್ಟಿಗೆ ಕೂಡಿಬರಬೇಕು. ಡಿಎನ್ಎ ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ ಗಂಡನಿಗಿಂತ ಮೊದಲು ಮಾವನವರಿಗೆ ಮಾಡಿಸಿ. ಪ್ಯಾಟ್ರಿಕ್‌ಗೆ ಅವರು ಒಂದು ತಲೆಮಾರು ಹತ್ತಿರ.