ಮೊದಲ ಸೋಮವಾರ ಏನು ಹೇಳಬೇಕು?

ನೀವು ಬರೆದಿದ್ದು ಇಷ್ಟು. ಊರು ಕುಮಟಾ, ಕಾರವಾರದಲ್ಲಿ ಸಾಗರ ಜೀವಶಾಸ್ತ್ರ ಓದಿದ್ದೀರಿ. ಅಕ್ಟೋಬರ್‌ಗೆ ಜರ್ಮನಿಯ ಬ್ರೆಮರ್‌ಹಾಫೆನ್‌ಗೆ, ಧ್ರುವ ಪ್ರದೇಶ ಮತ್ತು ಸಾಗರಗಳ ಸಂಶೋಧನೆ ಮಾಡುವ ಆಲ್ಫ್ರೆಡ್ ವೇಗೆನರ್ ಇನ್‌ಸ್ಟಿಟ್ಯೂಟ್‌ಗೆ ಪಿಎಚ್‌ಡಿ ಮಾಡಲು ಬರುತ್ತಿದ್ದೀರಿ. ಮೊದಲ ಸೋಮವಾರ ಹೊಸಬರ ಪರಿಚಯ ಇದೆ ಅಂತ ಮೇಲ್ ಬಂದಿದೆ. ಅಲ್ಲಿ ಏನು ಹೇಳಬೇಕು, ಸಿಹಿ ತರಬೇಕಾ, ಚಳಿ ತಡೆಯಬಹುದಾ, ಮೀನು ಸಿಗುತ್ತಾ, ಹಡಗಿಗೆ ಯಾವಾಗ ಕಳಿಸುತ್ತಾರೆ, ಕುಕ್ಕರ್ ತರಬಹುದಾ ಅಂತ ಕೇಳಿದ್ದೀರಿ.

ಸಣ್ಣವನ್ನು ಮೊದಲು ಮುಗಿಸಿಬಿಡುತ್ತೇನೆ. ಚಳಿಗೆ ಹೆದರಬೇಡಿ, ಗಾಳಿಗೆ ಹೆದರಿ. ವೇಸರ್ ನದಿ ಸಮುದ್ರ ಸೇರುವ ಜಾಗ ಇದು. ಮಳೆ ಅಡ್ಡಡ್ಡ ಬೀಳುತ್ತದೆ, ಕೊಡೆ ತರುವುದೇ ದಂಡ. ಮೀನು ಸಿಗುತ್ತದೆ, ಆದರೆ ನಿಮಗೆ ಬೇಕಾದ ಮೀನಲ್ಲ. ಬಂಗುಡೆಯ ದೂರದ ನೆಂಟನಿಗೆ ಹೊಗೆ ಹಾಕಿ ಮಾರುತ್ತಾರೆ, ಸಾರಿಗೆ ಬರುವುದಿಲ್ಲ. ಮುರುಗಲು ಮನೆಯಿಂದಲೇ ತನ್ನಿ. ಕುಕ್ಕರ್ ತನ್ನಿ, ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ. ಮನೆಗೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ದಾಖಲು ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು. ದಾಖಲು ಮಾಡಿಸಿದ ಮೇಲೆ ಕಚೇರಿಯವರು ಕೊಡುವ ಪ್ರಮಾಣಪತ್ರವನ್ನು ಬ್ಯಾಂಕು, ವೀಸಾ ಎಲ್ಲ ಕಡೆ ಕೇಳುತ್ತಾರೆ. ಉಳಿದದ್ದನ್ನು ಸಂಸ್ಥೆಯವರೇ ಹೇಳಿಕೊಡುತ್ತಾರೆ.

ಇನ್ನು ಪರಿಚಯದ ವಿಷಯ.

ನಮ್ಮಲ್ಲಿ ಹೊಸಬರು ಬಂದರೆ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಯಾವ ಊರು, ಯಾರ ಪೈಕಿ, ಮದುವೆ ಆಗಿದೆಯಾ, ಅಪ್ಪ ಏನು ಮಾಡುತ್ತಾರೆ. ಇಲ್ಲಿ ಅದ್ಯಾವುದೂ ಇಲ್ಲ. ದೊಡ್ಡ ಪ್ರೊಫೆಸರನ್ನೂ ಹೆಚ್ಚಿನ ಗುಂಪುಗಳಲ್ಲಿ ಹೆಸರು ಹಿಡಿದೇ ಕರೆಯುತ್ತಾರೆ. ನಾಲಿಗೆ ಹೊರಳುವುದಕ್ಕೆ ನನಗೆ ಸುಮಾರು ದಿನ ಹಿಡಿಯಿತು. ನಿಮ್ಮ ಸರದಿ ಬಂದಾಗ ಹೆಸರು, ಎಲ್ಲಿಂದ ಬಂದಿರಿ, ಯಾವ ಪ್ರಾಜೆಕ್ಟು, ಇಷ್ಟು ಹೇಳಿದರೆ ಸಾಕು. ರ‍್ಯಾಂಕು, ಚಿನ್ನದ ಪದಕ ಅಲ್ಲಿ ತೆಗೆಯಬೇಡಿ. ಕೈ ಕುಲುಕಿ, ಎಲ್ಲರೂ ಮೇಜು ತಟ್ಟುತ್ತಾರೆ, ಮುಗಿಯಿತು. ಮೇಜು ತಟ್ಟುವುದು ಚಪ್ಪಾಳೆಯ ಬದಲು, ಗಾಬರಿ ಬೇಡ.

ಒಂದು ಮಾತು ಮಾತ್ರ ಸೇರಿಸಿ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ನಮ್ಮ ಊರಿನಿಂದ ಹತ್ತಿರ ಅಂತ ಹೇಳಿ. ಹಳಬರ ಮುಖ ಅರಳುತ್ತದೆ. 2009ರಲ್ಲಿ ಗೋವಾದವರೂ ಇಲ್ಲಿನವರೂ ಸೇರಿ ಇಲ್ಲಿನ ಸಂಶೋಧನಾ ಹಡಗು ಪೋಲಾರ್‌ಸ್ಟೆರ್ನ್‌ನಲ್ಲಿ ದಕ್ಷಿಣ ಸಾಗರಕ್ಕೆ ಹೋಗಿದ್ದರು. ಲೋಹಾಫೆಕ್ಸ್ ಅನ್ನುವ ಪ್ರಯೋಗ. ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣದ ಅಂಶ ಬೆರೆಸಿದರು. ಪಾಚಿ ಬೆಳೆದು, ಗಾಳಿಯ ಇಂಗಾಲವನ್ನು ಹೀರಿ, ಸತ್ತು ತಳ ಸೇರುತ್ತದಾ ಅಂತ ನೋಡುವುದಕ್ಕೆ. ಅದಕ್ಕೆ ಮುಂಚೆ ಪರಿಸರದವರ ವಿರೋಧದಿಂದ ಜರ್ಮನ್ ಸರ್ಕಾರ ಕೆಲವು ದಿನ ಕೆಲಸ ತಡೆದಿತ್ತು. ಕೊನೆಗೆ ಪಾಚಿ ಬೆಳೆಯಿತು, ಆದರೆ ಆ ನೀರಿನಲ್ಲಿ ಸಿಲಿಕೇಟ್ ಕಡಿಮೆ. ಹಾಗಾಗಿ ಸಿಲಿಕೇಟ್‌ನಿಂದ ಗಟ್ಟಿ ಚಿಪ್ಪು ಕಟ್ಟಿಕೊಳ್ಳುವ ಡಯಾಟಮ್ ಅನ್ನುವ ಪಾಚಿಗಳು ಬೆಳೆಯಲಿಲ್ಲ. ಬೆಳೆದ ಮೆತ್ತಗಿನ ಪಾಚಿಯನ್ನು ಕೋಪೆಪಾಡ್‌ಗಳು, ಅಂದರೆ ಸಿಗಡಿ ಜಾತಿಯ ಪುಟಾಣಿ ಜೀವಿಗಳು, ತಿಂದುಬಿಟ್ಟವು. ತಳಕ್ಕೆ ಹೋದ ಇಂಗಾಲ ತುಂಬಾ ಕಡಿಮೆ. ನಿಮ್ಮ ವಿಷಯವೇ ಕೋಪೆಪಾಡ್ ಅಂದಿರಲ್ಲ, ಮಾತು ತಾನಾಗಿ ಬೆಳೆಯುತ್ತದೆ.

ಸಿಹಿ ತನ್ನಿ, ಮೊದಲ ದಿನ ಬೇಡ. ಒಂದೆರಡು ವಾರ ಕಳೆದ ಮೇಲೆ ಹೊಸಬರು ತಾವಾಗಿ ಏನಾದರೂ ತಂದು ಅಡುಗೆ ಕೋಣೆಯಲ್ಲಿ ಇಡುವುದು ಇಲ್ಲಿನ ವಾಡಿಕೆ. ಗೋಡಂಬಿ ಇದ್ದರೆ ಚೀಟಿ ಬರೆದಿಡಿ, ಅಲರ್ಜಿ ಇರುವವರು ಜಾಸ್ತಿ. ಹುಟ್ಟುಹಬ್ಬಕ್ಕೆ ಕೇಕ್ ತರುವುದು ಹುಟ್ಟುಹಬ್ಬದವರದೇ ಜವಾಬ್ದಾರಿ. ಹಿಂದಿನ ದಿನವೇ ಶುಭಾಶಯ ಹೇಳಿಬಿಟ್ಟೀರಿ ಜೋಕೆ, ಅಪಶಕುನ ಅಂತಾರೆ. ಇವರಿಗೂ ಶಕುನ ಇದೆ ಅಂತ ಗೊತ್ತಾದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಹಡಗಿಗೆ ಯಾವಾಗ ಅನ್ನುವುದು ನಿಮ್ಮ ಗೈಡಿನ ಕೈಯಲ್ಲಿದೆ. ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ಪೋಲಾರ್‌ಸ್ಟೆರ್ನ್ 1982ರಿಂದ ಓಡುತ್ತಿದೆ, 118 ಮೀಟರ್ ಉದ್ದ. 2019ರ ಸೆಪ್ಟೆಂಬರ್‌ನಲ್ಲಿ ಹೊರಟು ಆರ್ಕ್ಟಿಕ್‌ನ ಮಂಜುಗಡ್ಡೆಯಲ್ಲಿ ಬೇಕಂತಲೇ ಸಿಕ್ಕಿಕೊಂಡು, ಅದರ ಜೊತೆ ತೇಲುತ್ತಾ ಹೋಗಿ, 2020ರ ಅಕ್ಟೋಬರ್‌ನಲ್ಲಿ ವಾಪಸ್ ಬಂದ ಹಡಗು ಇದೇ. ಅದು ಬಂದರಿನಲ್ಲಿ ನಿಂತಿದ್ದರೆ ಊರಿಂದ ಬಂದವರನ್ನೆಲ್ಲ ನಾನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ, ನನ್ನದೇ ಹಡಗು ಅನ್ನುವ ಹಾಗೆ. ಹಡಗು ಹತ್ತಿದ ಹೊಸಬರಿಗೆ ಇನ್ನೊಂದು ಪರಿಚಯ ಕಾದಿದೆ. ಧ್ರುವವೃತ್ತವನ್ನು ಮೊದಲ ಸಲ ದಾಟಿದವರಿಗೆ ಸಮುದ್ರದೇವ ನೆಪ್ಚೂನನ ಎದುರು ದೀಕ್ಷೆ. ಕಿರೀಟ, ಗಡ್ಡ, ಆರ್ಭಟ ಎಲ್ಲ ಇರುತ್ತದೆ. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರು ನೀವು, ನಿಮಗೇನೂ ಅನ್ನಿಸುವುದಿಲ್ಲ. ಏನು ಕುಡಿಸುತ್ತಾರೆ ಅಂತ ಮಾತ್ರ ಕೇಳಬೇಡಿ.

ಇಷ್ಟೂ ನೀವು ಕೇಳಿದ್ದಕ್ಕೆ. ಕೇಳದೇ ಇರುವುದು ಒಂದಿದೆ.

ನಾನು ಬಂದಾಗ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿದ್ದ ಹಾಗೆ ಅಪ್ಪನ ಹೆಸರು ಮುಂದೆ, ನನ್ನ ಹೆಸರು ಹಿಂದೆ ಇತ್ತು. ಪಾಸ್‌ಪೋರ್ಟಿನಲ್ಲೂ ಅದೇ ಕ್ರಮ. ಹಾಗಾಗಿ ಪರಿಚಯದ ದಿನ ನಮ್ಮ ಮುಖ್ಯಸ್ಥರು ನನ್ನನ್ನು ಅಪ್ಪನ ಹೆಸರಿನಲ್ಲೇ ಪರಿಚಯಿಸಿದರು. ಕೋಣೆಯ ಬಾಗಿಲ ಮೇಲೂ ಅದೇ ಹೆಸರು ಮುಂದೆ. (ನಿಮ್ಮ ಪಾಸ್‌ಪೋರ್ಟ್ ಒಮ್ಮೆ ನೋಡಿಕೊಳ್ಳಿ. ಬರುವ ಮುಂಚೆಯೇ ಮೇಲ್ ಹಾಕಿದರೆ ಸರಿ ಮಾಡುತ್ತಾರೆ.) ರಾತ್ರಿ ಫೋನಿನಲ್ಲಿ ಹೇಳಿದೆ. ಅಪ್ಪ ತುಂಬಾ ನಕ್ಕರು. "ಹಾಗಾದ್ರೆ ಕೆಲಸ ನಂಗೇ ಸಿಕ್ತು" ಅಂದರು. ಸರಿ ಮಾಡಿಸಬೇಡ ಅಂತಲೂ ಅಂದರು.

ಅಪ್ಪ ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಹಳೇ ರಟ್ಟಿನಲ್ಲಿ ಆಫ್ರಿಕಾ, ದಕ್ಷಿಣ ಅಮೆರಿಕ ಕತ್ತರಿಸಿ, ಒಂದಕ್ಕೊಂದು ಕೂಡಿಸಿ, ಖಂಡಗಳು ಅಲೆಯುತ್ತವೆ ಅಂತ ಪಾಠ ಮಾಡಿದವರು. 1912ರಲ್ಲಿ ಇದನ್ನು ಹೇಳಿದ ವೇಗೆನರ್ ಮಾತನ್ನು ಆಗ ಹೆಚ್ಚಿನವರು ನಂಬಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದಲ್ಲೇ ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷಕ್ಕೆ, 1980ರಲ್ಲಿ, ಈ ಸಂಸ್ಥೆ ಶುರುವಾಯಿತು. ಆ ಹೆಸರಿನ ಬೋರ್ಡಿನ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ಅಪ್ಪನ ಆಸೆ.

"ಕೆಲಸ ಖಾಯಂ ಆಗಲಿ, ಆಮೇಲೆ ಬನ್ನಿ" ಅನ್ನುತ್ತಿದ್ದೆ.

ಈ ಖಾಯಂ ಅನ್ನುವುದೇನು ಅಂತ ಈಗಲೇ ತಿಳಿದುಕೊಳ್ಳಿ. ಪರಿಚಯದ ದಿನ ಯಾರೂ ಹೇಳುವುದಿಲ್ಲ. ಜರ್ಮನಿಯಲ್ಲಿ ಸಂಶೋಧಕರ ನಿಗದಿತ ಅವಧಿಯ ಕಾಂಟ್ರಾಕ್ಟ್ ಕೆಲಸಕ್ಕೆ 2007ರಿಂದ ಪ್ರತ್ಯೇಕ ಕಾನೂನು ಇದೆ. ಪಿಎಚ್‌ಡಿಗೆ ಮುಂಚೆ ಹೆಚ್ಚೆಂದರೆ 6 ವರ್ಷ, ಆಮೇಲೆ 6 ವರ್ಷ. ಮಕ್ಕಳಿದ್ದರೆ ಒಂದು ಮಗುವಿಗೆ 2 ವರ್ಷ ಸೇರಬಹುದು, ಹೊರಗಿನ ಪ್ರಾಜೆಕ್ಟ್ ಹಣ ಇದ್ದರೆ ಲೆಕ್ಕ ಬೇರೆ. ಅಷ್ಟರೊಳಗೆ ಖಾಯಂ ಹುದ್ದೆ ಸಿಗಬೇಕು, ಇಲ್ಲದಿದ್ದರೆ ಬೇರೆ ದಾರಿ ನೋಡಿಕೊಳ್ಳಬೇಕು. ಇದು ಯಾವುದೋ ಒಂದು ಸಂಸ್ಥೆಯ ಮಾತಲ್ಲ, ದೇಶದ ಎಲ್ಲ ವಿಶ್ವವಿದ್ಯಾಲಯಗಳ ಕಥೆ. ಈ ಕಾನೂನು ವಿವರಿಸುವ ಸರ್ಕಾರಿ ವಿಡಿಯೋದಲ್ಲಿ ಹನ್ನಾ ಅನ್ನುವ ಕಾಲ್ಪನಿಕ ಸಂಶೋಧಕಿ ಇದ್ದಳು, 2021ರಲ್ಲಿ "ನಾನೇ ಹನ್ನಾ" ಅನ್ನುವ ಅರ್ಥದ ಹ್ಯಾಷ್‌ಟ್ಯಾಗ್ ಹಾಕಿ ಸಾವಿರಾರು ಸಂಶೋಧಕರು ತಮ್ಮ ತಮ್ಮ ಕಾಂಟ್ರಾಕ್ಟಿನ ಗೋಳು ಹೇಳಿಕೊಂಡರು. ನಾನೂ ಓದುತ್ತಾ ಕೂತಿದ್ದೆ. ನಮ್ಮ ಕಡೆ ಸರ್ಕಾರಿ ಕೆಲಸ ಅಂದರೆ ಒಮ್ಮೆ ಸೇರಿದರೆ ನಿವೃತ್ತಿವರೆಗೆ ಅಂತ ಅಲ್ವಾ? ಆ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಬರಬೇಡಿ.

ಪಿಎಚ್‌ಡಿ ಮುಗಿಯಿತು. ಬೇರೆ ಊರು, ಬೇರೆ ಕಾಂಟ್ರಾಕ್ಟು, ಮತ್ತೆ ಮೊದಲ ಸೋಮವಾರ, ಮತ್ತೆ ಪರಿಚಯ. ಪ್ರತಿ ಸಲ ಅಪ್ಪನಿಗೆ ಇನ್ನೊಂದು ವರ್ಷ ಅಂದೆ. ಬಾಡಿಗೆ ಮನೆಗೆ ಸೋಫಾ ಕೂಡ ಕೊಂಡಿರಲಿಲ್ಲ, ಮತ್ತೆ ಸಾಗಿಸಬೇಕಲ್ಲ ಅಂತ. ಕೊನೆಗೆ ಇಲ್ಲೇ ಮಾಹಿತಿ ಸಂಗ್ರಹದ ವಿಭಾಗದಲ್ಲಿ ಖಾಯಂ ಆಯಿತು. ಅಷ್ಟರಲ್ಲಿ ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಗಿತ್ತು. ವಿಮಾನದ ಮಾತೇ ಇಲ್ಲ. ಬೋರ್ಡಿನ ಫೋಟೋ ನಾನೇ ತೆಗೆದು ಕಳಿಸಿದೆ. "ಚೆನ್ನಾಗಿದೆ" ಅಂದರು. ಮತ್ತೆ ಆ ಮಾತು ಎತ್ತಲಿಲ್ಲ. ಈಗ ಅವರಿಲ್ಲ.

ಕಾಂಟ್ರಾಕ್ಟು ನವೀಕರಣ ಆಗಲಿ, ಜರ್ಮನ್ ಬರಲಿ, ಸ್ವಲ್ಪ ದುಡ್ಡು ಕೂಡಲಿ ಅಂತ ಇಲ್ಲಿ ಎಲ್ಲರೂ ಕಾಯುತ್ತಾರೆ. ಹಾಗೆ ಕಾಯುವವರೇ ಬುದ್ಧಿವಂತರು ಅಂತ ನಮ್ಮವರೇ ನಿಮಗೆ ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ.

ನಿಮ್ಮ ಮೊದಲ 6 ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್ ಅವಧಿ, ಅದು ಕಳೆಯಲಿ. ಆಮೇಲೆ ತಡ ಮಾಡಬೇಡಿ. ಅಪ್ಪ ಅಮ್ಮನ ಪಾಸ್‌ಪೋರ್ಟ್‌ಗೆ ನೀವು ಹೊರಡುವ ಮುಂಚೆಯೇ ಅರ್ಜಿ ಹಾಕಿಸಿ. ಪ್ರವಾಸಿ ವೀಸಾದಲ್ಲಿ 90 ದಿನದವರೆಗೆ ಇರಬಹುದು. ಅವರ ಖರ್ಚು ನನ್ನದು ಅಂತ ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಸಹಿ ಹಾಕಿ ಕಾಗದ ಪಡೆಯಬೇಕು. ಅಪಾಯಿಂಟ್‌ಮೆಂಟ್ ಸಿಗುವುದಕ್ಕೆ ಕಾಲ ಹಿಡಿಯುತ್ತದೆ, ಫೆಬ್ರವರಿಯಲ್ಲೇ ಕೇಳಿ. ಸಂಬಳದ ಚೀಟಿ ತೋರಿಸಬೇಕು, ಪಿಎಚ್‌ಡಿ ಸಂಬಳ ಸಾಕಾಗುತ್ತದಾ ಅಂತ ಮೊದಲೇ ವಿಚಾರಿಸಿ. ಪ್ರಯಾಣ ವಿಮೆ ಕಡ್ಡಾಯ.

ಇಲ್ಲಿ ವಲಸೆಯ ಮ್ಯೂಸಿಯಂ ಇದೆ, ಅಪ್ಪನಿಗೆ ತೋರಿಸಿ. 70 ಲಕ್ಷಕ್ಕೂ ಹೆಚ್ಚು ಮಂದಿ ಈ ಬಂದರಿನಿಂದಲೇ ಅಮೆರಿಕ ಮತ್ತಿತರ ಕಡೆ ಹೋದರಂತೆ. ಅಮ್ಮನಿಗೆ ಮೀನು ಬಂದರು ಸಾಕು, ದರ ಕೇಳಿ ಬೈಯುತ್ತಾ ಅರ್ಧ ದಿನ ಕಳೆಯುತ್ತಾರೆ. ಜೂನ್‌ನಲ್ಲಿ ಕರೆಸಿ, ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್ ಬೇಡವೇ ಬೇಡ. ನಾಲ್ಕು ಗಂಟೆಗೇ ಸಂಜೆಯಾದರೆ ಅವರು ದೇವರಿಗೆ ದೀಪ ಹಚ್ಚಿ, ಬೇಗ ಊಟ ಮುಗಿಸಿ, ಟಿಕೆಟ್ ಮುಂಚೆ ಮಾಡಿಸು ಅಂತಾರೆ.