ನಗಾನೊದ ಆ ಬೀಳಾಟ ಬಿಟ್ಟರೆ ಹರ್ಮನ್ ಮಾಯರ್ ನಿಜಕ್ಕೂ ಅಷ್ಟು ದೊಡ್ಡ ಸ್ಕೀ ಆಟಗಾರರೇ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಬೇಜಾರಾಯಿತು. ನಿಮ್ಮ ಮೇಲಲ್ಲ. ಮಾಯರ್ ಹೆಸರು ಹುಡುಕಿದರೆ ಮೊದಲು ಸಿಗುವುದೇ 1998ರ ನಗಾನೊ ಒಲಿಂಪಿಕ್ಸ್‌ನ ಆ ವಿಡಿಯೋ. ಮನುಷ್ಯ ಗಾಳಿಯಲ್ಲಿ ಅಡ್ಡಡ್ಡ ಹಾರಿ, ತಲೆಕೆಳಗಾಗಿ ಹಿಮಕ್ಕೆ ಅಪ್ಪಳಿಸಿ, ಬಲೆಬೇಲಿಗಳನ್ನು ಕಿತ್ತುಕೊಂಡು ಹೋಗುತ್ತಾರೆ. ಅದೊಂದನ್ನೇ ನೋಡಿದರೆ ನೀವು ಕೇಳಿದ ಹಾಗೆಯೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ನನ್ನ ಉತ್ತರ ಹೌದು, ತುಂಬಾ ದೊಡ್ಡ ಆಟಗಾರರು. ಆ ದಿನ ಅವರು ಬೀಳದೇ ಇದ್ದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಶುರುವಿನಿಂದ ಹೇಳುತ್ತೇನೆ. ಮಾಯರ್ ಆಸ್ಟ್ರಿಯಾದ ಫ್ಲಾಕೌ ಎಂಬ ಊರಿನವರು, ಹುಟ್ಟಿದ್ದು 1972ರಲ್ಲಿ. ಅಪ್ಪ ಅಮ್ಮ ಅಲ್ಲೇ ಸ್ಕೀ ಕಲಿಸುವ ಶಾಲೆ ನಡೆಸುತ್ತಿದ್ದರು. 15ನೇ ವಯಸ್ಸಿಗೆ ರೇಸರ್‌ಗಳನ್ನು ತಯಾರು ಮಾಡುವ ಶಾಲೆಯಿಂದ ಅವರು ಹೊರಬರಬೇಕಾಯಿತು. ಮೈ ತೀರಾ ಸಣ್ಣದು, ಬೆಳೆಯುವ ವಯಸ್ಸಿನ ಮಂಡಿ ನೋವು ಬೇರೆ. ಆಮೇಲೆ ಬೇಸಿಗೆಯಲ್ಲಿ ಇಟ್ಟಿಗೆ ಕಟ್ಟುವ ಗಾರೆ ಕೆಲಸ, ಚಳಿಗಾಲದಲ್ಲಿ ಬೇರೆಯವರಿಗೆ ಸ್ಕೀ ಕಲಿಸುವ ಕೆಲಸ. ವರ್ಷಗಟ್ಟಲೆ ಹೀಗೇ ನಡೆಯಿತು. ಸಾಮಾನ್ಯವಾಗಿ ಈ ಆಟದಲ್ಲಿ 20 ದಾಟುವ ಹೊತ್ತಿಗೆ ರಾಷ್ಟ್ರೀಯ ತಂಡದಲ್ಲಿ ಇಲ್ಲದಿದ್ದರೆ ದಾರಿ ಮುಚ್ಚಿತು ಅಂತಲೇ ಲೆಕ್ಕ.

1996ರ ಜನವರಿಯಲ್ಲಿ ಅವರ ಊರಿನಲ್ಲೇ ವಿಶ್ವಕಪ್‌ನ ಜೈಂಟ್ ಸ್ಲಾಲಮ್ ನಡೆಯಿತು. ವಿಶ್ವಕಪ್ ಅಂದರೆ ಪ್ರತಿ ಚಳಿಗಾಲ ಬೇರೆ ಬೇರೆ ಊರುಗಳಲ್ಲಿ ನಡೆಯುವ ರೇಸ್‌ಗಳ ಸರಣಿ. ಜೈಂಟ್ ಸ್ಲಾಲಮ್ ಅಂದರೆ ಇಳಿಜಾರಿನಲ್ಲಿ ಕಂಬ ನೆಟ್ಟು ಮಾಡಿದ ಗೇಟ್‌ಗಳನ್ನು ಹಾದು ತಿರುಗುತ್ತಾ ಇಳಿಯುವ ರೇಸ್. ರೇಸ್ ಶುರುವಾಗುವ ಮೊದಲು ಕೆಲವರು ಇಳಿದು ಹಾದಿ ಸರಿ ಇದೆಯಾ ಅಂತ ನೋಡಿಕೊಡುತ್ತಾರೆ. ಅವರು ಸ್ಪರ್ಧಿಗಳಲ್ಲ. ಮಾಯರ್ ಹಾಗೆ ಇಳಿದವರಲ್ಲಿ ಒಬ್ಬರು. ಅವರ ಸಮಯವನ್ನು ಪಟ್ಟಿಯಲ್ಲಿ ಇಟ್ಟು ನೋಡಿದರೆ 12ನೇ ಸ್ಥಾನ ಬರುತ್ತಿತ್ತು! ಅಷ್ಟು ಸಾಕಾಯಿತು. ಮುಂದಿನ ತಿಂಗಳೇ ವಿಶ್ವಕಪ್‌ನಲ್ಲಿ ಓಡಿದರು. 1997ರ ಫೆಬ್ರವರಿಯಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ಮೊದಲ ಗೆಲುವು. ಆಗ ವಯಸ್ಸು 24.

ಇನ್ನು ನಗಾನೊ. ಫೆಬ್ರವರಿ 13ರ ಡೌನ್‌ಹಿಲ್‌ನಲ್ಲಿ, ಅಂದರೆ ಎಲ್ಲಕ್ಕಿಂತ ವೇಗದ ರೇಸ್‌ನಲ್ಲಿ, ಒಂದು ತಿರುವಿಗೆ ಅತಿ ವೇಗದಲ್ಲಿ, ತೀರಾ ನೇರವಾಗಿ ಹೋದರು. ನೆಲ ಕೆಳಗಿಳಿಯಿತು, ಗಾಳಿ ಸ್ಕೀಗಳ ಅಡಿಗೆ ಹೊಕ್ಕಿತು, ಹಾರಿಹೋದರು. ಭುಜಕ್ಕೂ ಮಂಡಿಗೂ ಪೆಟ್ಟು. ಫೆಬ್ರವರಿ 16ಕ್ಕೆ ಸೂಪರ್-ಜಿ (ಡೌನ್‌ಹಿಲ್‌ಗಿಂತ ತಿರುವು ಜಾಸ್ತಿ, ಜೈಂಟ್ ಸ್ಲಾಲಮ್‌ಗಿಂತ ಕಮ್ಮಿ ಇರುವ ರೇಸ್) ಚಿನ್ನ, 19ಕ್ಕೆ ಜೈಂಟ್ ಸ್ಲಾಲಮ್ ಚಿನ್ನ. ಎರಡನೆಯ ಚಿನ್ನವನ್ನು ಯಾರೂ ನೆನೆಯುವುದೇ ಇಲ್ಲ. ಅದು ಬೇರೆಯದೇ ಆಟ. ಎರಡು ರನ್, ಹತ್ತಿರ ಹತ್ತಿರ ಗೇಟ್‌ಗಳು, ಪ್ರತಿ ತಿರುವಿನಲ್ಲೂ ಆ ಮಂಡಿಯ ಮೇಲೆಯೇ ಭಾರ.

ಸೂಪರ್-ಜಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮಾಯರ್ ಯಾರು ಅನ್ನುವುದು ಅಲ್ಲೇ ಗೊತ್ತಾಗುವುದು. ಡೌನ್‌ಹಿಲ್‌ಗೆ ಮುಂಚೆ ಅದೇ ಹಾದಿಯಲ್ಲಿ ಅಭ್ಯಾಸದ ಓಟ ಇರುತ್ತದೆ. ಸೂಪರ್-ಜಿಗೆ ಅದಿಲ್ಲ. ಬೆಳಿಗ್ಗೆ ಗೇಟ್‌ಗಳ ಪಕ್ಕದಲ್ಲಿ ನಿಧಾನಕ್ಕೆ ಜಾರುತ್ತಾ ಹಾದಿ ನೋಡಿಕೊಳ್ಳಬಹುದು, ಅಷ್ಟೇ. ಆಮೇಲೆ ಒಂದೇ ರನ್. ಯಾವ ಉಬ್ಬಿನ ಹಿಂದೆ ಯಾವ ಕಡೆಗೆ ತಿರುವಿದೆ, ಅಲ್ಲಿ ಎಷ್ಟು ವೇಗ ಇರುತ್ತದೆ, ಎಲ್ಲವನ್ನೂ ತಲೆಯಲ್ಲೇ ಲೆಕ್ಕ ಹಾಕಿ ಇಟ್ಟುಕೊಳ್ಳಬೇಕು. ಮಾಯರ್ ಗೆದ್ದ 54 ವಿಶ್ವಕಪ್ ರೇಸ್‌ಗಳಲ್ಲಿ 24 ಸೂಪರ್-ಜಿ. ಸುಮ್ನೆ ಧೈರ್ಯದಿಂದ ನುಗ್ಗುವವರು ಅಂತ ಅವರನ್ನು ಕರೆಯುವವರು ಈ 24ನ್ನು ನೋಡಬೇಕು. ಬರೀ ನುಗ್ಗಾಟದಿಂದ ಈ ಆಟದಲ್ಲಿ ಇಷ್ಟು ಸಲ ಗೆಲ್ಲೋಕೆ ಆಗಲ್ಲ.

1999–2000ರ ಸೀಸನ್‌ನಲ್ಲಿ ಅವರು ವಿಶ್ವಕಪ್‌ನಲ್ಲಿ ಸರಿಯಾಗಿ 2000 ಅಂಕ ಗಳಿಸಿದರು. ಒಂದು ರೇಸ್ ಗೆದ್ದರೆ 100 ಅಂಕ ಅಂದರೆ ನೀವೇ ಲೆಕ್ಕ ಹಾಕಿ. ಪುರುಷರಲ್ಲಿ ಆ ದಾಖಲೆ ಮುರಿಯಲು 2023ರ ತನಕ ಕಾಯಬೇಕಾಯಿತು. ಮುರಿದದ್ದು ಸ್ವಿಟ್ಜರ್ಲೆಂಡ್‌ನ ಮಾರ್ಕೊ ಓಡರ್‌ಮಾಟ್, 2042 ಅಂಕ. 2000–01ರಲ್ಲಿ ಮಾಯರ್ 13 ರೇಸ್ ಗೆದ್ದು, ಒಂದೇ ಸೀಸನ್‌ನಲ್ಲಿ ಅತಿ ಹೆಚ್ಚು ಗೆದ್ದ ಸ್ವೀಡನ್‌ನ ಇಂಗೆಮಾರ್ ಸ್ಟೆನ್‌ಮಾರ್ಕ್ ಅವರ ಹಳೆಯ ದಾಖಲೆಗೆ ಸಮ ಮಾಡಿದರು. ಸ್ಟೆನ್‌ಮಾರ್ಕ್ ಒಟ್ಟು 86 ವಿಶ್ವಕಪ್ ರೇಸ್ ಗೆದ್ದಿದ್ದಾರೆ, ಅಮೆರಿಕದ ಮಿಕೇಲಾ ಶಿಫ್ರಿನ್ 100 ದಾಟಿದ್ದಾರೆ, ಹಾಗಾದರೆ 54 ಕಮ್ಮಿ ಅಲ್ವಾ ಅಂತ ಯಾರಾದರೂ ಕೇಳಬಹುದು. ಸಂಖ್ಯೆ ಕಮ್ಮಿಯೇ. ಆದರೆ ಅವರು ಶುರು ಮಾಡಿದ್ದೇ ತಡವಾಗಿ. ನಡುವೆ ಒಂದು ಪೂರ್ತಿ ಸೀಸನ್ ಆಸ್ಪತ್ರೆಗೂ ವ್ಯಾಯಾಮಕ್ಕೂ ಹೋಯಿತು.

ಆ ಸೀಸನ್ನಿನ ಕಥೆಗಾಗಿಯೇ ನಾನು ಈ ಉತ್ತರ ಬರೆಯಲು ಕೂತದ್ದು. 2001ರ ಆಗಸ್ಟ್ 24ರಂದು ಆಸ್ಟ್ರಿಯಾದ ರಾಡ್‌ಸ್ಟಾಟ್ ಹತ್ತಿರ ಮಾಯರ್ ಅವರ ಬೈಕ್‌ಗೂ ಒಂದು ಕಾರಿಗೂ ಡಿಕ್ಕಿಯಾಯಿತು. ಬಲಗಾಲಿನ ಕೆಳಭಾಗ ನುಜ್ಜುಗುಜ್ಜಾಯಿತು. ಕಾಲು ಕತ್ತರಿಸಬೇಕಾಗಬಹುದು ಅನ್ನುವ ಮಾತು ಬಂತು. ಮೂತ್ರಪಿಂಡಗಳೂ ಕೈಕೊಟ್ಟವು. ಕಾಲು ಉಳಿಯಿತು, ಮೂಳೆಯೊಳಗೆ ಟೈಟಾನಿಯಂ ಸರಳು ಕೂತಿತು. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್ ಕೈತಪ್ಪಿತು.

ನನ್ನ ಕಾಲಲ್ಲೂ ಒಂದು ಸರಳು ಇದೆ. ಮುರಿದ ಮೇಲೆ ಮೊದಲ ಸಲ ಮೆಟ್ಟಿಲು ಇಳಿದ ದಿನ ಚೆನ್ನಾಗಿ ನೆನಪಿದೆ. ಭಾರ ಹಾಕಬಹುದು ಅಂತ ಡಾಕ್ಟರ್ ಹೇಳಿದ್ದರು, ಆದರೆ ಕಾಲು ನಂಬಲೇ ಇಲ್ಲ. ಕೈ ತಾನಾಗಿ ಗೋಡೆಗೆ ಹೋಗುತ್ತಿತ್ತು. ಹಿಮದ ಇಳಿಜಾರಿನಲ್ಲಿ ಹಿಡಿದುಕೊಳ್ಳಲು ಗೋಡೆಯೂ ಇಲ್ಲ.

2003ರ ಜನವರಿ 14ರಂದು ಸ್ವಿಟ್ಜರ್ಲೆಂಡ್‌ನ ಆಡೆಲ್‌ಬೋಡೆನ್‌ನ ಜೈಂಟ್ ಸ್ಲಾಲಮ್‌ನಲ್ಲಿ ಮಾಯರ್ ಮತ್ತೆ ಓಡಿದರು. 31ನೇ ಸ್ಥಾನ. ಮೊದಲ ರನ್‌ನಲ್ಲಿ ಮುಂದಿರುವ 30 ಜನಕ್ಕೆ ಮಾತ್ರ ಎರಡನೇ ರನ್ ಸಿಗುತ್ತದೆ. ಒಂದೇ ಸ್ಥಾನದಿಂದ ಹೊರಗುಳಿದರು. ನಾಲ್ಕು ಚಳಿಗಾಲ ಗುಡ್ಡವನ್ನು ಆಳಿದ ಮನುಷ್ಯ 31ನೆಯವರಾಗಿ ಬರಲು ಒಪ್ಪಿ ಬಂದು ನಿಂತರಲ್ಲ, ಅವರ ಎಲ್ಲ ಪದಕಗಳಿಗಿಂತ ನನಗೆ ಹೆಚ್ಚು ಇಷ್ಟವಾಗುವುದು ಅದೇ. ಇದಾಗಿ 13ನೇ ದಿನಕ್ಕೆ, ಜನವರಿ 27ರಂದು, ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನ ಸೂಪರ್-ಜಿ ಗೆದ್ದರು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಅವರು ಇಲ್ಲದ ಕಾಲದಲ್ಲಿ ಅವರದೇ ತಂಡದ ಸ್ಟೆಫಾನ್ ಎಬರ್‌ಹಾರ್ಟರ್ ಎದ್ದು ನಿಂತಿದ್ದರು. 2002, 2003ರ ಒಟ್ಟಾರೆ ವಿಶ್ವಕಪ್, ಅಂದರೆ ಸೀಸನ್‌ನ ಎಲ್ಲ ಬಗೆಯ ರೇಸ್‌ಗಳ ಅಂಕ ಸೇರಿಸಿ ಮೊದಲು ಬಂದವರಿಗೆ ಸಿಗುವ ಪ್ರಶಸ್ತಿ, ಎಬರ್‌ಹಾರ್ಟರ್ ಅವರದು. ಅಷ್ಟು ವರ್ಷ ಮಾಯರ್ ನೆರಳಿನಲ್ಲಿದ್ದ ಅವರ ಗೆಲುವೂ ನ್ಯಾಯವಾದದ್ದೇ. 2004ರಲ್ಲಿ ಮಾಯರ್ ಅದನ್ನು ಮರಳಿ ಪಡೆದರು, ಅದು ಅವರ ನಾಲ್ಕನೆಯದು. 2005ರಲ್ಲಿ ಬೋರ್ಮಿಯೊದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜೈಂಟ್ ಸ್ಲಾಲಮ್ ಚಿನ್ನ, 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಒಂದು ಬೆಳ್ಳಿ, ಒಂದು ಕಂಚು. ಕೊನೆಯ ಗೆಲುವು 2008ರ ನವೆಂಬರ್‌ನಲ್ಲಿ, ಕೆನಡಾದ ಲೇಕ್ ಲೂಯಿಸ್‌ನಲ್ಲಿ. ಅದೂ ಸೂಪರ್-ಜಿ. 2009ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು.

ಒಂದು ಕೊರತೆ ಹೇಳದೇ ಇದ್ದರೆ ತಪ್ಪಾಗುತ್ತದೆ. ಒಲಿಂಪಿಕ್ ಡೌನ್‌ಹಿಲ್ ಚಿನ್ನ ಅವರಿಗೆ ಸಿಗಲೇ ಇಲ್ಲ. ಗೇಟ್‌ಗಳು ಇನ್ನೂ ಹತ್ತಿರ ಇರುವ ಸ್ಲಾಲಮ್ ಅವರ ಆಟ ಆಗಿರಲೂ ಇಲ್ಲ.

ನಗಾನೊದ ವಿಡಿಯೋ ನೀವು ಆಗಲೇ ನೋಡಿದ್ದೀರಿ. ಸಿಕ್ಕರೆ ಕಿಟ್ಸ್‌ಬ್ಯೂಲ್‌ನ ಆ 2003ರ ಓಟ ನೋಡಿ. ಸ್ಕೀಯಲ್ಲಿ ತಿರುಗುವಾಗ ಭಾರವೆಲ್ಲ ಹೊರಗಿನ ಕಾಲಿನ ಮೇಲೆ ಬೀಳುತ್ತದೆ. ಹಾಗಾಗಿ ಮಾಯರ್ ಎಡಕ್ಕೆ ತಿರುಗುವ ಪ್ರತಿ ಸಲವೂ ಅವರ ಬಲಗಾಲನ್ನೇ ನೋಡಿ.